ಬಳಪ ತಿನ್ನುವ ಸೊಸೆ

ಹೆಸರು, ಓಣಿ, ವಯಸ್ಸು ಎಲ್ಲ ಬದಲಿಸಿದ್ದೇನೆ. ಬದಲಿಸದಿದ್ದರೂ ಗುರುತು ಸಿಗುತ್ತಿರಲಿಲ್ಲ ಬಿಡಿ, ಇಂಥ ಹೆಣ್ಣುಮಕ್ಕಳು ಆಪ್ತಸಲಹೆಗೆ ನನ್ನ ಹತ್ತಿರ ಅಷ್ಟು ಜನ ಬರುತ್ತಾರೆ.

ಹಾವೇರಿ ಕಡೆಯ ಹುಡುಗಿ, ಹುಬ್ಬಳ್ಳಿಗೆ ಕೊಟ್ಟಿದ್ದಾರೆ. ಅತ್ತೆಯೇ ಕರೆದುಕೊಂಡು ಬಂದಿದ್ದರು. ಮೈಗಳ್ಳಿ, ಮಾತಿಗೆ ಮುಂಚೆ ಸಿಡುಕುತ್ತಾಳೆ, ಕದ್ದು ಹಸಿ ಅಕ್ಕಿ ಮುಕ್ಕುತ್ತಾಳೆ ಅಂತ ದೂರು. ಮೊದಲೆರಡು ಭೇಟಿ ನಾನು ಅತ್ತೆ-ಸೊಸೆ ಜಗಳದ ಗಂಟು ಬಿಡಿಸುತ್ತಾ ಕೂತೆ. ಅಕ್ಕಿಯ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೂರನೇ ಸಲ ಬಂದ ದಿನ ಮಳೆ ಶುರುವಾಯಿತು. ಆಕೆ ಮಾತು ನಿಲ್ಲಿಸಿ ಕಿಟಕಿ ಕಡೆ ತಿರುಗಿದಳು. "ಮೇಡಂ, ಈ ಮಣ್ಣಿನ ವಾಸನಿ ಬಂದ್ರ ನನಗ ಬಾಯಾಗ ನೀರ ಬರ್ತಾವ್ರಿ," ಅಂದಳು. ಅಂದವಳೇ ನಾಚಿ ತಲೆ ತಗ್ಗಿಸಿದಳು. ಆಗ ಅವಳ ಕೈ ನೋಡಿದೆ. ಹೆಬ್ಬೆರಳಿನ ಉಗುರ ಸಂದಿಯಲ್ಲಿ ಬಿಳಿ ಪುಡಿ. ಬಳಪದ್ದು. ದಿನಕ್ಕೆ ಎಷ್ಟು ತಿಂತೀಯವ್ವ ಅಂತ ಕೇಳಿದೆ. "ಒಂದ್ ಡಬ್ಬಿ ಎರಡ ದಿನ ಬರ್ತೈತ್ರಿ." ಮುಟ್ಟು ಎಂಟು ದಿನ, ಜಾಸ್ತಿ ಹೋಗುತ್ತದೆ. ಊಟ ಎಲ್ಲರದ್ದೂ ಆದ ಮೇಲೆ. ಉಂಡ ಕೂಡಲೇ ಚಹಾ.

ಅವತ್ತೇ ಡಾಕ್ಟರ್ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ 7.1 ಬಂತು. ಹೆಂಗಸರಿಗೆ 12 ಆದರೂ ಇರಬೇಕು.

ಅತ್ತೆಗೆ ಸಿಟ್ಟು ಬಂತು. "ತಲಿ ಸರಿ ಮಾಡ್ರಿ ಅಂದ್ರ ರಕ್ತ ತಗಸ್ತೀರಲ್ರಿ!" ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೂಡ ಇದು ನಮ್ಮ ಕೆಲಸವಲ್ಲ ಅಂದರು. ನಾನು ಒಪ್ಪುವುದಿಲ್ಲ. ದೊಡ್ಡವರ ಮೈಯಲ್ಲಿರುವ ಕಬ್ಬಿಣ ಒಟ್ಟು 3-4 ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಜಾಸ್ತಿ ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲೇ ಇದ್ದು ಆಮ್ಲಜನಕ ಹೊರುತ್ತದೆ. ಮೆದುಳಲ್ಲಿ ಹುರುಪಿಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಾಗುವುದಕ್ಕೂ ಕಬ್ಬಿಣ ಬೇಕು. ಅದೇ ಬತ್ತಿಹೋದವಳಿಗೆ "ಸ್ವಲ್ಪ ಹುರುಪಿನಿಂದಿರು" ಅಂತ ನಾನು ಎರಡು ಸಲ ಹೇಳಿ ಕಳಿಸಿದ್ದೆ! ಮಣ್ಣು, ಬಳಪ, ಹಸಿ ಅಕ್ಕಿಯ ಚಪಲ ಕಬ್ಬಿಣ ಕಡಿಮೆಯಾದವರಲ್ಲಿ ಎಷ್ಟೋ ಸಲ ಕಾಣುತ್ತದೆ. ಮನೆಯವರು ಅದನ್ನು ಕೆಟ್ಟ ಚಾಳಿ ಅಂದುಕೊಳ್ಳುತ್ತಾರೆ.

ಮಾತ್ರೆ ಬರೆದವರು ಡಾಕ್ಟರ್. ಮುಟ್ಟಿನ ತೊಂದರೆಗೂ ಅವರೇ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದರು. ನಾನು ಹೇಳಿದ್ದು ಮನೆಯ ಮಾತು. ಚಹಾ ಊಟದ ಜೊತೆ ಬೇಡ, ಒಂದೆರಡು ತಾಸು ಬಿಟ್ಟು ಕುಡಿ. ಕಾಳಿನ ಪಲ್ಯಕ್ಕೆ ಲಿಂಬೆಹುಳಿ ಹಿಂಡಿಕೋ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾತ್ರೆಯಿಂದ ಮಲ ಕಪ್ಪಗಾದರೆ ಹೆದರಿ ಬಿಡಬೇಡ. ರಕ್ತ ಏರಿತು ಅಂತ ನೀನೇ ನಿಲ್ಲಿಸಲೂ ಬೇಡ. ಅತ್ತೆಗೆ ಹೇಳಿದ್ದು ಒಂದೇ: "ರೊಟ್ಟಿ ಬಡಿಯೂದು ಮುಗಿಯೂತನಕ ಆಕಿನ್ನ ಉಪವಾಸ ಇಡಬ್ಯಾಡ್ರಿ, ಜೋಡಿ ಕುಂಡ್ರಿಸ್ಕೊಂಡು ಉಣ್ರಿ."

ಮೂರು ತಿಂಗಳಾದ ಮೇಲೆ ಒಬ್ಬಳೇ ಬಂದಳು. ಮೆಟ್ಟಿಲು ಹತ್ತಿ ಬಂದರೂ ಏದುಸಿರಿರಲಿಲ್ಲ. ಬಳಪ ಬಿಟ್ಟಿದ್ದಾಳೆ. ಸಿಡುಕು ಮಾತ್ರ ಪೂರ್ತಿ ಹೋಗಿಲ್ಲ. ಅತ್ತೆ ಮೇಲೆ ಆಕೆಗೆ ನಿಜವಾಗಿಯೂ ಸಿಟ್ಟಿದೆ, ಕಾರಣವೂ ಇದೆ. ಬರುವ ಮಂಗಳವಾರ ಅದರ ಬಗ್ಗೆ ಮಾತಾಡಬೇಕು.