ಹೊಡೆದುಹಾಕಿದ ಹದಿನಾಲ್ಕು ಪುಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಮೊದಲ ದಿನ ಅವರು ಒಂದು ನೋಟ್‌ಬುಕ್ ತಂದಿದ್ದರು. ವಯಸ್ಸು 41. ಕಚೇರಿಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವ ಕೆಲಸ. ನೋಟ್‌ಬುಕ್ಕಿನ ಪುಟದ ಮೇಲ್ಗಡೆ ‘ನನ್ನ ಜೀವನದ ಗುರಿ’ ಅಂತ ದಪ್ಪ ಅಕ್ಷರ. ಕೆಳಗೆ ಒಂದು ಸಾಲು, ಅದರ ಮೇಲೆ ಗೀಟು. ಮುಂದಿನ ಪುಟವೂ ಹಾಗೇ. ಚಿತ್ರಕಲೆ, ಓಟ, ಸಮಾಜಸೇವೆ, ಸ್ವಂತ ಉದ್ಯೋಗ. ಒಟ್ಟು 14 ಪುಟ. ಕೆಲವು ಕಡೆ ಎಷ್ಟು ಜೋರಾಗಿ ಗೀಟು ಎಳೆದಿದ್ದರೆಂದರೆ ಹಾಳೆಯೇ ಹರಿದಿತ್ತು.

“ಎಲ್ಲ ಇದೆ ಮೇಡಂ, ಆದ್ರೂ ಏನೋ ಇಲ್ಲ. ನಾನು ಯಾಕಾದ್ರೂ ಬದುಕ್ತಿದೀನಿ ಅಂತ ಗೊತ್ತಾಗ್ತಿಲ್ಲ” ಎಂದರು.

ಇಂಥ ಮಾತು ಕೇಳಿದ ಕೂಡಲೇ ನಾನು ಗುರಿಯ ಚರ್ಚೆಗೆ ಇಳಿಯುವುದಿಲ್ಲ. ಮೊದಲು ಖಿನ್ನತೆ ಇದೆಯಾ ನೋಡಬೇಕು. ನಿದ್ದೆ, ಹಸಿವು, ಸುಸ್ತು, ಯಾವುದೂ ಬೇಡ ಅನ್ನಿಸುವುದು, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಬೇಸರ, ನಿರಾಸಕ್ತಿ ಎರಡು ವಾರ ಬಿಡದೆ ಕಾಡಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಇವರಿಗೆ ಅಂಥದ್ದೇನೂ ಇರಲಿಲ್ಲ.

ಒಂದು ವಾರ ದಿನದಲ್ಲಿ ಮಾಡಿದ್ದನ್ನೆಲ್ಲ ಬರೆದು, ಆಗ ಮನಸ್ಸಿಗೆ ಎಷ್ಟು ಹಿತವಾಯಿತು ಅಂತ 10ಕ್ಕೆ ಅಂಕ ಹಾಕಿ ತನ್ನಿ ಎಂದೆ. ತಂದರು. ಎಲ್ಲ ಕಡೆ 3, 4. ಒಂದೇ ಒಂದು ಕಡೆ 8. ಪಕ್ಕದ ಮನೆ ಹುಡುಗನ ಸೈಕಲ್ ಚೈನ್ ಕಳಚಿತ್ತು, ಇವರು ಕೂತು ಹಾಕಿಕೊಟ್ಟಿದ್ದರು. ಹಾಳೆಯ ಮೂಲೆಯಲ್ಲಿ ಗ್ರೀಸ್ ಹತ್ತಿದ ಹೆಬ್ಬೆರಳಿನ ಗುರುತೂ ಇತ್ತು.

ನಾನು ಬಾಯಿ ತೆರೆಯುವ ಮೊದಲೇ, “ಹಾಗಾದ್ರೆ ಸೈಕಲ್ ರಿಪೇರಿ ಕಲಿಯಲಾ? ಒಂದು ವರ್ಕ್‌ಶಾಪ್ ಶುರು ಮಾಡಿದ್ರೆ?” ಎಂದರು. ಆಗಲೇ ಹದಿನೈದನೇ ಪುಟ ತೆರೆದು ಪೆನ್ನು ಹಿಡಿದಿದ್ದರು.

ತೊಡಕು ಅಲ್ಲೇ ಇತ್ತು. ಖುಷಿ ಅವರಿಗೆ ಸಿಗುತ್ತಲೇ ಇತ್ತು. ಸಿಕ್ಕ ಕೂಡಲೇ ಅದನ್ನು ಪರೀಕ್ಷೆಗೆ ಕೂರಿಸುತ್ತಿದ್ದರು. ಇಡೀ ಬದುಕಿಗೆ ಇದು ಸಾಕಾ? ಕೊನೆವರೆಗೂ ಬರುತ್ತಾ? ಪಾಪ, ಸೈಕಲ್ ಚೈನ್ ಹಾಕಿದ ಖುಷಿಗೆ ಅಷ್ಟು ಭಾರ ಹೊರಲು ಆಗುತ್ತದಾ? ಮೂರು ವಾರದಲ್ಲಿ ಹುರುಪು ಇಳಿಯುತ್ತಿತ್ತು, ಗೀಟು ಬೀಳುತ್ತಿತ್ತು.

ಹುರುಪು ಇಳಿಯುವುದು ಎಲ್ಲರಿಗೂ ಆಗುವುದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದ್ದರು. ಗೆಲ್ಲದವರಿಗಿಂತ ಅವರೇನೂ ಜಾಸ್ತಿ ಸಂತೋಷವಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಸಿಗುವ ಖುಷಿಯಂತೂ ಅವರಿಗೆ ಕಮ್ಮಿಯೇ ಇತ್ತು. ಸಣ್ಣ ಅಧ್ಯಯನ, ನಿಜ. ಆದರೆ ಇದನ್ನು ಹೇಳಿದಾಗ ಅವರು ಪೆನ್ನಿನ ಕ್ಯಾಪ್ ಮುಚ್ಚಿದರು.

ಗುರಿಯ ಪ್ರಶ್ನೆಗೆ ಭಾನುವಾರ ಅರ್ಧ ಗಂಟೆ ಮಾತ್ರ ಕೊಡಿ ಎಂದೆ. ಬೇರೆ ದಿನ ತಲೆಗೆ ಬಂದರೆ ಚೀಟಿಯಲ್ಲಿ ಬರೆದಿಟ್ಟು ಕೈಯಲ್ಲಿರುವ ಕೆಲಸಕ್ಕೆ ಮರಳುವುದು.

ಇನ್ನೊಂದು ಸಲಹೆಯೇ ನನಗೆ ಮುಖ್ಯ. ಒಂದು ಕೆಲಸ ಮುಗಿದ ಮೇಲೆ ಮುಂದಿನದಕ್ಕೆ ಹಾರದೆ ಎರಡು ನಿಮಿಷ ಅಲ್ಲೇ ಕೂರುವುದು. ಮುಗಿದದ್ದನ್ನು ಸುಮ್ನೆ ನೋಡುವುದು. ಕೇಳಲು ಸುಲಭ ಅಲ್ವಾ? ಮೊದಲ ವಾರ ಅವರಿಗೆ 20 ಸೆಕೆಂಡೂ ಆಗಲಿಲ್ಲ. ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ತೃಪ್ತಿ ಎಲ್ಲಿಂದಲೋ ಬರುತ್ತದೆ ಅಂತ ಕಾಯುತ್ತೇವೆ, ಬಂದಾಗ ನಾವೇ ಅಲ್ಲಿರುವುದಿಲ್ಲ. ಕೂತು ಕೂತೇ ರೂಢಿ ಮಾಡಿಕೊಳ್ಳಬೇಕು. ಮೂರನೇ ವಾರಕ್ಕೆ ಅವರು ಎರಡು ನಿಮಿಷ ತಲುಪಿದರು.

ನಿಮ್ಮ ಕೆಲಸ ಯಾರಿಗೆ ತಲುಪುತ್ತದೋ ಅವರಲ್ಲಿ ಒಬ್ಬರನ್ನು ಮಾತಾಡಿಸಿ ಎಂದೂ ಹೇಳಿದ್ದೆ. ಕಚೇರಿ ಗುಡಿಸುವ ಹೆಂಗಸನ್ನು ಮಾತಾಡಿಸಿದರಂತೆ. ಸಂಬಳ ಬಂದ ದಿನವೇ ಆಕೆ ಮಗಳ ಶಾಲೆ ಫೀಸು ಕಟ್ಟುತ್ತಾರೆ. “ಎಂಟು ವರ್ಷದಿಂದ ಅವರ ಹೆಸರನ್ನ ಲೆಕ್ಕದಲ್ಲಿ ನೋಡ್ತಿದ್ದೆ ಮೇಡಂ” ಎಂದಷ್ಟೇ ಹೇಳಿ ಕಿಟಕಿ ಕಡೆ ತಿರುಗಿದರು. ನಾನೂ ಮಾತಾಡಿಸಲಿಲ್ಲ.

ಏಳನೇ ಭೇಟಿಯಲ್ಲಿ ನೋಟ್‌ಬುಕ್ ಮತ್ತೆ ಕಂಡಿತು. ಹದಿನೈದನೇ ಪುಟಕ್ಕೆ ತಲೆಬರಹ ಇರಲಿಲ್ಲ. ‘ಸೈಕಲ್ ಬ್ರೇಕ್ ಸರಿ ಮಾಡಿದ್ದು, 7. ಸಂಬಳದ ಪಟ್ಟಿ ಮುಗಿಸಿದ್ದು, 6.’ ಹೀಗೆ ಪುಟ ತುಂಬಿತ್ತು, ಗೀಟು ಇರಲಿಲ್ಲ. ಗುರಿ ಸಿಕ್ಕಿತಾ ಅಂತ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ. ಮುಂದಿನ ಭೇಟಿ ಎರಡು ತಿಂಗಳು ಬಿಟ್ಟು ಸಾಕು ಅಂತ ಇಬ್ಬರೂ ಒಪ್ಪಿದೆವು.