ಕಾರಿನೊಳಗಿನ ಸದ್ದು: ಜಾಡು ಹಿಡಿದ ಮೇಲೆ ಶೀಟು

ಪ್ರಶ್ನೆ: 4 ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಹಿಂದಿನವರು ಸ್ಪೋರ್ಟ್ಸ್ ಸೈಲೆನ್ಸರ್ ಹಾಕಿಸಿ, ನಡುವಿನ ರೆಸೋನೇಟರ್ (ಪೈಪಿನ ಸದ್ದು ತಗ್ಗಿಸುವ ಡಬ್ಬಿ) ತೆಗೆಸಿದ್ದಾರೆ. ಊರೊಳಗೆ ತೊಂದರೆಯಿಲ್ಲ. ಆನಗೋಡು ದಾಟಿ ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೊರಟರೆ, 2,500 ಆರ್‌ಪಿಎಂ ಆಸುಪಾಸಿನಲ್ಲಿ ಗುಂಯ್ ಎಂದು ಕಿವಿ ಅದುಮಿದಂತಾಗುತ್ತದೆ. 3,000 ದಾಟಿದರೆ ಕಡಿಮೆ. ಇಡೀ ಕಾರಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ ಎನ್ನುತ್ತಾರೆ ಅಂಗಡಿಯವರು. ಮಾಡಿಸಲೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತೊಂದರೆಗೆ ಆ ಶೀಟು ಮದ್ದಲ್ಲ.

4 ಸಿಲಿಂಡರಿನ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. 2,500 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 42 ಸುತ್ತು, ಅಂದರೆ ಪೈಪಿನಲ್ಲಿ ಸುಮಾರು 83 ಬಡಿತ. 83 ಹರ್ಟ್ಸ್‌ನ ಸದ್ದಿನ ಅಲೆ ಗಾಳಿಯಲ್ಲಿ 4 ಮೀಟರಿಗಿಂತ ತುಸು ಉದ್ದ, ಅದರ ಅರ್ಧ 2 ಮೀಟರು. ಸಣ್ಣ ಕಾರಿನ ಒಳಾಂಗಣದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಆ ಒಂದು ವೇಗದಲ್ಲಿ ಇಡೀ ಕ್ಯಾಬಿನ್ ಡೊಳ್ಳಿನಂತೆ ದನಿಗೂಡಿಸುತ್ತದೆ, ವೇಗ ಬದಲಾದರೆ ಸುಮ್ಮನಾಗುತ್ತದೆ. ಅಂಗಡಿಯವರು ಹೇಳುವ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಡ್ಯಾಂಪಿಂಗ್ ಶೀಟು ತಗಡಿನ ನಡುಕವನ್ನು ಅಡಗಿಸುತ್ತದೆ, ಇಷ್ಟು ದಪ್ಪ ದನಿ ಗಾಳಿಯಲ್ಲಿ ಬರುವುದನ್ನು ತಡೆಯಲಾರದು.

ಮೊದಲು ಕಾರು ತಣ್ಣಗಿದ್ದಾಗ ರ‍್ಯಾಂಪಿಗೆ ಹತ್ತಿಸಿ, ಸೈಲೆನ್ಸರ್ ಬಾಯಿ ಹಿಡಿದು ನಾಲ್ಕೂ ದಿಕ್ಕಿಗೆ ಅಲ್ಲಾಡಿಸಿ. ಎಲ್ಲಾದರೂ ಟಕ್ ಎಂದರೆ ಪೈಪು ಬಾಡಿಗೋ ಹೀಟ್ ಶೀಲ್ಡಿಗೋ ತಾಗುತ್ತಿದೆ ಎಂದರ್ಥ. ಸುತ್ತಲೂ ಬೆರಳು ತೂರುವಷ್ಟು, 10ರಿಂದ 12 ಮಿ.ಮೀ. ಜಾಗವಿರಬೇಕು. ತೂಗುಹಾಕಿದ ರಬ್ಬರ್ ಹ್ಯಾಂಗರ್‌ಗಳು ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಜಾಯಿಂಟುಗಳಲ್ಲಿ ಕಪ್ಪು ಮಸಿ ಕಂಡರೆ ಅಲ್ಲಿ ಗ್ಯಾಸ್ಕೆಟ್ ಸೋರುತ್ತಿದೆ. ಈ ಸೋರಿಕೆಯನ್ನು ಸದ್ದಿನ ಲೆಕ್ಕದಲ್ಲಷ್ಟೇ ನೋಡಬೇಡಿ, ಹೊಗೆ ಕಾರಿನೊಳಗೆ ಬಂದರೆ ಜೀವಕ್ಕೇ ಅಪಾಯ.

ಇಷ್ಟೆಲ್ಲ ಸರಿಯಿದ್ದರೆ ತೆಗೆಸಿದ ರೆಸೋನೇಟರನ್ನು ವಾಪಸು ಹಾಕಿಸಿ. ಅದು ಅಲ್ಲಿದ್ದುದು ಇದೇ ಕೆಲಸಕ್ಕೆ. ಕಂಪನಿಯ ಹಳೆಯ ಸೈಲೆನ್ಸರ್ ಸಿಕ್ಕರೆ ಇನ್ನೂ ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವಂತಿಲ್ಲ. ದಂಡದ ಭಯವೂ ತಪ್ಪುತ್ತದೆ.

ಕುರುಡು ಕವಲು ಪೈಪು ಹಾಕಿಸುವವರೂ ಇದ್ದಾರೆ. ಹಿಂದಿನ ಸೈಲೆನ್ಸರ್‌ಗೆ ಮೊದಲು ಮುಖ್ಯ ಪೈಪಿನಷ್ಟೇ ದಪ್ಪದ ಒಂದು ಪೈಪನ್ನು ಕವಲಾಗಿ ಬೆಸೆದು ತುದಿ ಮುಚ್ಚುತ್ತಾರೆ. ಒಳಹೋದ ಅಲೆ ತಿರುಗಿ ಬಂದು ಮುಖ್ಯ ಅಲೆಗೆ ಎದುರಾಗಿ ಅದನ್ನು ಕೊಲ್ಲುತ್ತದೆ. ಕವಲಿನ ಉದ್ದ ಆ 83 ಹರ್ಟ್ಸ್ ಅಲೆಯ ಕಾಲುಭಾಗದಷ್ಟಿರಬೇಕು. 30 ಡಿಗ್ರಿ ಗಾಳಿಗೆ ಅದು 1.05 ಮೀಟರು, 200 ಡಿಗ್ರಿಗೆ 1.31 ಮೀಟರು. ಕವಲಿನೊಳಗಿನ ಹೊಗೆ ಎಷ್ಟು ಬಿಸಿಯಿರುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಆದ್ದರಿಂದ 1.3 ಮೀಟರಿನಿಂದ ಶುರುಮಾಡಿ, ಹಿಂದೆಮುಂದೆ ಸರಿಸಬಲ್ಲ, ಕ್ಲ್ಯಾಂಪ್ ಹಾಕಿದ ಜಾರುತುದಿ ಇಟ್ಟು, 3 ಸೆಂ.ಮೀ. ಕಡಿಮೆ ಮಾಡುತ್ತ ಓಡಿಸಿ ನೋಡಿ, ಸರಿಹೊಂದಿದ ಮೇಲೆ ಬೆಸೆಯಬೇಕು. ತುದಿ ಮೇಲ್ಮುಖವಾಗಿರಲಿ, ಕೆಳಗಿದ್ದರೆ ನೀರು ನಿಂತು ತುಕ್ಕು ತಿನ್ನುತ್ತದೆ. ಆರ್ಗಾನ್ ವೆಲ್ಡಿಂಗೇ ಮಾಡಿಸಿ, ಶುರುಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿಸಿ. ಇದೂ ಮಾರ್ಪಾಡೇ ಎಂಬುದು ನೆನಪಿರಲಿ. ನಮ್ಮ ಸಲಹೆ ಕಂಪನಿ ಸೈಲೆನ್ಸರೇ.

ಪ್ರಶ್ನೆ: 195/55 ಆರ್16 ಟೈರುಗಳಿದ್ದ ಕಾರಿಗೆ ಅಲಾಯ್ ಸಮೇತ 205/45 ಆರ್17 ಹಾಕಿಸಿದೆ. ಈಗ ಕಾಂಕ್ರೀಟ್ ರಸ್ತೆಯಲ್ಲಿ ಹಿಂದಿನ ಸೀಟಿನವರ ಮಾತು ಕೇಳಿಸುವುದಿಲ್ಲ. ಡಾಂಬರಿನ ಮೇಲೆ ಪರವಾಗಿಲ್ಲ. ಡ್ಯಾಂಪಿಂಗ್ ಎಲ್ಲೆಲ್ಲಿ, ಎಷ್ಟು ಹಾಕಬೇಕು?
– ಓದುಗರು, ಹಿರಿಯೂರು

ಉತ್ತರ: ರಸ್ತೆ ಬದಲಾದಂತೆ ಬದಲಾಗುವ ಸದ್ದು ಟೈರಿನದೇ. ಖಚಿತಪಡಿಸಿಕೊಳ್ಳಲು ಒಂದೇ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗವನ್ನು ಒಮ್ಮೆ 5ನೇ ಗೇರಿನಲ್ಲಿ, ಒಮ್ಮೆ 3ನೇ ಗೇರಿನಲ್ಲಿ ಹಿಡಿಯಿರಿ. ಎರಡರಲ್ಲೂ ಮೊರೆತ ಒಂದೇ ಇದ್ದರೆ ಎಂಜಿನ್, ಸೈಲೆನ್ಸರ್ ಎರಡನ್ನೂ ಬಿಟ್ಟುಬಿಡಿ. ಖಾಲಿ ರಸ್ತೆಯ ಉದ್ದನೆಯ ತಿರುವಿನಲ್ಲಿ ಒಂದು ಬದಿಗೆ ತಿರುಗಿದಾಗ ಮಾತ್ರ ಹೆಚ್ಚಿದರೆ ವೀಲ್ ಬೇರಿಂಗ್ ನೋಡಿಸಿ. ಟೈರಿನ ಮೇಲೆ ಅಂಗೈ ಸವರಿ: ಮುಂದಕ್ಕೆ ನುಣುಪು, ಹಿಂದಕ್ಕೆ ಗರಗಸದಂತಿದ್ದರೆ ಅಡ್ಡಾದಿಡ್ಡಿ ಸವೆದಿದೆ. ಅಲೈನ್‌ಮೆಂಟ್ ಮಾಡಿಸಿದರೆ ಸವೆತ ಮುಂದುವರಿಯುವುದಿಲ್ಲ, ಆದರೆ ಈಗಿರುವ ಸದ್ದು ಹೋಗಬೇಕಾದರೆ ಟೈರೇ ಹೋಗಬೇಕು.

ಗಾಳಿಯನ್ನು ಬೆಳಿಗ್ಗೆ ಕಾರು ಓಡಿಸುವ ಮುನ್ನ ನೋಡಿ. ಹೈವೇಯಲ್ಲಿ ಓಡಿ ಬಿಸಿಯಾದ ಟೈರು 3–4 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಸಾಕು. ಪಂಕ್ಚರ್ ಅಂಗಡಿಯಲ್ಲಿ 40 ತುಂಬಿಸಿಕೊಂಡು ಬಂದರೆ ಕಲ್ಲಿಗೆ ಕಲ್ಲು ಕಟ್ಟಿಕೊಂಡಂತೆ. ಪಕ್ಕದ ಗೋಡೆ ಗಿಡ್ಡವಾದ 45ರ ಟೈರು (ಗೋಡೆಯ ಎತ್ತರ ಟೈರಿನ ಅಗಲದ ಶೇ 45) ರಸ್ತೆಯ ಬಡಿತವನ್ನು ಮೊದಲೇ ಕಡಿಮೆ ನುಂಗುತ್ತದೆ. ಹಳೆಯ 16 ಇಂಚಿನ ಸೆಟ್ ಮನೆಯಲ್ಲಿದ್ದರೆ ಒಂದು ವಾರ ಹಾಕಿ ಓಡಿಸಿ. ಅಷ್ಟಕ್ಕೇ ತೊಂದರೆ ತೀರಬಹುದು. ಟೈರ್ ಲೇಬಲ್‌ನ ಡೆಸಿಬೆಲ್ ಅಂಕಿ ಹೊರಗಿನ ಸದ್ದಿನದು, ಒಳಗಿನದಲ್ಲ.

ಆಮೇಲೂ ಶೀಟು ಬೇಕೆನಿಸಿದರೆ ಬಾನೆಟ್‌ನಿಂದ ಶುರುಮಾಡಬೇಡಿ. ಸಮಾನ ಜೋರಿನ ಎರಡು ಸದ್ದುಗಳಲ್ಲಿ ಒಂದನ್ನು ಪೂರ್ತಿ ಅಡಗಿಸಿದರೂ ಇಳಿಯುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಜೋರಾದ ಜಾಗಕ್ಕೇ ಮೊದಲ ಹಣ. ನಿಮ್ಮ ಕಾರಿನಲ್ಲಿ ಅದು ಹಿಂದಿನ ಚಕ್ರಗಳ ಮೇಲಿನ ಗುಮ್ಮಟ, ಸ್ಟೆಪ್ನಿ ಗುಂಡಿ ಮತ್ತು ಡಿಕ್ಕಿಯ ನೆಲ. 2 ಮಿ.ಮೀ. ಬ್ಯುಟೈಲ್ ಶೀಟು 2ರಿಂದ 2.5 ಚದರ ಮೀಟರ್ ಸಾಕು, ತೂಕ 7–8 ಕೆ.ಜಿ. ಆಗಬಹುದು. ತಗಡನ್ನು ಬೆರಳಿನಿಂದ ತಟ್ಟುತ್ತ ಹೋಗಿ, ಡಣ್ ಎನ್ನುವಲ್ಲಿ ಅಂಟಿಸಿ. ತಗಡಿನ ನಡುಭಾಗದ ಮೂರನೇ ಒಂದು ಭಾಗ ಮುಚ್ಚಿದರೂ ನಡುಕ ನಿಲ್ಲುತ್ತದೆ, ಮೂಲೆ ಮೂಲೆಗೂ ಅಂಟಿಸುವುದು ದುಡ್ಡು ದಂಡ.

ತಗಡಿನ ಎಣ್ಣೆ, ಧೂಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಗಟ್ಟಿ ರೋಲರ್‌ನಿಂದ ಒತ್ತಿ. ಶೀಟಿನ ಮೇಲಿನ ಉಬ್ಬು ವಿನ್ಯಾಸ ಚಪ್ಪಟೆಯಾದರೆ ಸರಿಯಾಗಿ ಕೂತಿದೆ. ಅಗ್ಗವೆಂದು ಚಾವಣಿಗೆ ಹಾಕುವ ಡಾಂಬರು ಶೀಟು ತರಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಬ್ಯುಟೈಲ್ ಮೇಲೆ 6 ಮಿ.ಮೀ. ಮುಚ್ಚುರಂಧ್ರದ (ನೀರು ಹೀರದ, ಕ್ಲೋಸ್ಡ್ ಸೆಲ್) ಫೋಮ್, ಅದರ ಮೇಲೆ ಚದರ ಮೀಟರಿಗೆ 5 ಕೆ.ಜಿ. ತೂಗುವ ವಿನೈಲ್ ಹಾಸು ಹಾಕಿದರೆ ಗಾಳಿಯಲ್ಲಿ ಬರುವ ಮೊರೆತವೂ ತಗ್ಗುತ್ತದೆ. ವಿನೈಲ್‌ನ ಅಂಚುಗಳು ಒಂದರ ಮೇಲೊಂದು ಬರಲೇಬೇಕು, ಸಂದಿ ಬಿಟ್ಟರೆ ಸದ್ದು ಅಲ್ಲಿಂದಲೇ ನುಗ್ಗುತ್ತದೆ.

ಕೆಲಸ ಕೆಡುವುದು ಇಲ್ಲಿ: ಹಿಂದಿನ ಬಂಪರಿನ ಒಳಗೆ ರಬ್ಬರ್ ರೆಕ್ಕೆಗಳ ಗಾಳಿಕಿಂಡಿ ಇರುತ್ತದೆ. ಸದ್ದು ಬರುತ್ತದೆಂದು ಅದನ್ನು ಮುಚ್ಚಿಬಿಡುತ್ತಾರೆ. ಆಗ ಒಳಗಿನ ಗಾಳಿಗೆ ದಾರಿಯಿಲ್ಲದೆ ಬಾಗಿಲು ಹಾಕುವಾಗ ಕಿವಿಗೆ ಒತ್ತುತ್ತದೆ, ಗಾಜಿಗೆ ಮಂಜು ಹಿಡಿಯುತ್ತದೆ. ಬಾಗಿಲ ಕೆಳಗಿನ ನೀರುಕಿಂಡಿ ಮುಚ್ಚಿದರೆ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು. ಚಕ್ರದ ಹೊರಬದಿಯ ಪ್ಲಾಸ್ಟಿಕ್ ಲೈನರ್ ಹಿಂದೆ ಸ್ಪಂಜು ತುಂಬಬೇಡಿ, ಕೆಸರು ಹೀರಿಕೊಂಡು ತಗಡನ್ನು ತಿನ್ನುತ್ತದೆ. ಮುಂದಿನ ಸೀಟು ಬಿಚ್ಚುವುದಿದ್ದರೆ ಬ್ಯಾಟರಿ ಕಳಚಿ 10 ನಿಮಿಷ ಕಾಯಿರಿ, ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್‌ನದು.

ಪ್ರಶ್ನೆ: ಚಿತ್ರದುರ್ಗದ ಗಾಳಿಗಿರಣಿ ಗುಡ್ಡಗಳ ಬಳಿ 90 ಕಿ.ಮೀ. ವೇಗ ದಾಟಿದರೆ ಚಾಲಕನ ಬಾಗಿಲಿನಿಂದ ಸುಯ್ಯೆಂಬ ಸದ್ದು. ಏನು ಮಾಡಲಿ?
– ಓದುಗರು, ಹೊಳಲ್ಕೆರೆ

ಉತ್ತರ: ಬಾಗಿಲ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್‌ಗೆ ಹಳೆಯ ನೋಟೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಬಂದ ಜಾಗವನ್ನು ಗುರುತುಮಾಡಿ, ಬಾಗಿಲು ಹಾಕಿ ಆ ಸಂದಿಯ ಮೇಲೆ ಹೊರಗಿನಿಂದ ಮಾಸ್ಕಿಂಗ್ ಟೇಪ್ ಹಚ್ಚಿ, ಪಕ್ಕದ ಬಾಗಿಲಿನಿಂದ ಹತ್ತಿ ಅದೇ ದಾರಿಯಲ್ಲಿ ಓಡಿಸಿ. ಸದ್ದು ನಿಂತರೆ ಗ್ಯಾಸ್ಕೆಟ್ ಸಡಿಲ: ಬಾಗಿಲ ಲಾಕಿನ ಕೊಂಡಿಯನ್ನು 1 ಮಿ.ಮೀ. ಒಳಗೆ ಸರಿಸಿ, ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿ. ನಿಲ್ಲದಿದ್ದರೆ ಪಕ್ಕದ ಕನ್ನಡಿಯ ಬುಡಕ್ಕೂ ಟೇಪ್ ಹಚ್ಚಿ ನೋಡಿ.