ಚೋರಿಸ್ ಹಸಿಯಾಗಿ ತಿನ್ನಬೇಡಿ, ದಯವಿಟ್ಟು

ಪ್ರಶ್ನೆ: ಗೋವಾದಿಂದ ಚೋರಿಸ್ (ಮಸಾಲೆ ಹಾಕಿದ ಹಂದಿಮಾಂಸದ ಸಾಸೇಜ್) ತಂದಿದ್ದೇವೆ. ಸ್ಪೇನಿನ ಚೊರಿಸೊ ಕೂಡ ಇದೇ ಅಂತಾರೆ. ಅದರ ಹಾಗೆ ಹೋಳು ಮಾಡಿ ಹಸಿಯಾಗೇ ತಿನ್ನಬಹುದಾ?

ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬರುತ್ತಲೇ ಇದೆ, ಪ್ರತಿ ಸಲವೂ ನನಗೆ ಭಯವಾಗುತ್ತೆ.

ಹೆಸರುಗಳು ದಾಯಾದಿಗಳು, ನಿಜ. ಪೋರ್ಚುಗೀಸರ 'ಶೋರಿಸು' ಕೊಂಕಣಿಗರ ಬಾಯಲ್ಲಿ ಚೋರಿಸ್ ಆಯಿತು. 1510ರಲ್ಲಿ ಗೋವಾ ಹಿಡಿದವರು ಈ ಹೆಸರು ತಂದರು, ಅಮೆರಿಕದ ಮೆಣಸಿನಕಾಯಿಯನ್ನೂ ತಂದರು. ಆದರೆ ಮಾಡುವ ರೀತಿ ಇಲ್ಲಿ ಬೇರೆಯೇ ಆಯಿತು. ಪೋರ್ಚುಗಲ್‌ನ ವೈನ್ ಜಾಗಕ್ಕೆ ತೆಂಗಿನ ಕಳ್ಳಿನ ವಿನೆಗರ್ ಬಂತು. ಜೀರಿಗೆ, ಅರಿಶಿನ, ಕೈತುಂಬ ಒಣಮೆಣಸು ಸೇರಿದವು.

ಸ್ಪೇನಿನಲ್ಲಿ ಹಾಗೇ ಹೋಳು ಮಾಡಿ ತಿನ್ನುವ ಚೊರಿಸೊವನ್ನು ವಾರಗಟ್ಟಲೆ ತೂಗುಹಾಕಿ, ತೇವ, ಬಿಸಿ ಎಲ್ಲ ನೋಡಿಕೊಂಡು ಹದ ಮಾಡಿರುತ್ತಾರೆ. ನಮ್ಮ ಚೋರಿಸ್‌ಗೆ ಸಿಗುವುದು ಕೆಲವು ದಿನದ ಬಿಸಿಲು, ಒಲೆಯ ಮೇಲಿನ ಹೊಗೆ. ಒಂದನ್ನು ಕತ್ತರಿಸಿ ಒತ್ತಿ ನೋಡಿ. ಹೊರಗೆ ಗಟ್ಟಿ, ನಡುವೆ ಇನ್ನೂ ಮೆತ್ತಗೆ, ಕೆಂಪು ವಿನೆಗರ್ ಜಿನುಗುತ್ತೆ. ಅದು ಹಸಿ ಹಂದಿಮಾಂಸವೇ. ಹೊಗೆ ಘಮ ಕೊಡುತ್ತೆ, ಒಳಗಿನ ಮಾಂಸ ಬೇಯಿಸಲ್ಲ. ಲಾಡಿಹುಳುವಿನ ಮರಿ ಅದರೊಳಗಿದ್ದರೆ ಹೊಗೆ, ವಿನೆಗರ್ ನಂಬಿ ಕೂರಬೇಡಿ.

ದಾರ ಬಿಚ್ಚಿ, ಸಿಪ್ಪೆ ತೆಗೆದು, ಮಾಂಸ ಬಿಡಿಸಿಕೊಳ್ಳಿ. ಜಾಸ್ತಿ ಈರುಳ್ಳಿ, ಬೇಕಿದ್ದರೆ ಆಲೂಗಡ್ಡೆ, ಸ್ವಲ್ಪ ನೀರು ಹಾಕಿ ಮುಚ್ಚಿ ಬೇಯಿಸಿ. ಎಣ್ಣೆ ಬೇಡ, ಅದರ ಕೊಬ್ಬೇ ಕರಗಿ ಸಾಕಾಗುತ್ತೆ. ಥರ್ಮಾಮೀಟರ್ ಇದ್ದವರು ಒಳಗೆ 71 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ ನೋಡಿ. ಆಮೇಲೆ ಪಾವ್ ಜೊತೆ ಖುಷಿಯಾಗಿ ತಿನ್ನಿ.

ಪ್ರಶ್ನೆ: ಫೆನಿ (ಗೋವಾದ ಮದ್ಯ) ಸುರಿದರೆ ಹುಳು ಸಾಯುತ್ತಂತೆ?

ಇಲ್ಲ. ಹಾಗೆ ಹೇಳಿಕೊಟ್ಟವರ ಮಾತು ಇನ್ನು ಯಾವ ವಿಷಯಕ್ಕೂ ಕೇಳಬೇಡಿ.

ಪ್ರಶ್ನೆ: ಚೋರಿಸ್ ಅನ್ನೋದು ನಮ್ಮ 'ಚೋರ' ಪದದಿಂದ ಬಂತಾ?

ಇಲ್ಲ. ಮೇಲೆ ಬರೆದಿದ್ದೇನೆ.

ಪ್ರಶ್ನೆ: ಕಾಶ್ಮೀರಿ ಬದಲು ಬ್ಯಾಡಗಿ ಹಾಕಬಹುದಾ?

ಹಾಕಿ. ಬಣ್ಣ ಚೆನ್ನಾಗಿ ಬರುತ್ತೆ, ಖಾರ ನೋಡಿಕೊಳ್ಳಿ.

ಪ್ರಶ್ನೆ: ಮಳೆಗಾಲಕ್ಕೆ ಅಂತ ಮನೆಯಲ್ಲೇ ಮಾಡಿ, ಎಣ್ಣೆಯಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಹೊರಗೇ ಇಟ್ಟರೆ?

ಖಂಡಿತ ಬೇಡ. ಗಾಳಿ ಆಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಒಂದಿದೆ. ಅದರ ವಿಷದಿಂದ ಬರುವ ಕಾಯಿಲೆಯೇ ಬೊಟುಲಿಸಂ. ಲ್ಯಾಟಿನ್‌ನಲ್ಲಿ 'ಬೊಟುಲಸ್' ಅಂದರೆ ಸಾಸೇಜ್. 1820ರ ದಶಕದಲ್ಲಿ ಜರ್ಮನ್ ವೈದ್ಯ ಯುಸ್ಟಿನುಸ್ ಕೆರ್ನರ್ ಸಾಸೇಜ್ ತಿಂದು ಸತ್ತವರ ವಿವರ ಕೂಡಿಸಿ ಈ ವಿಷದ ಬಗ್ಗೆ ಬರೆದರು. ಈ ವಿಷ ಕಣ್ಣಿಗೆ ಕಾಣಲ್ಲ, ವಾಸನೆಯಿಂದಲೂ ಗೊತ್ತಾಗದೇ ಇರಬಹುದು. ಫ್ರೀಜರ್‌ನಲ್ಲಿಡಿ. ಅಲ್ಲಿ ಜಾಗ ಇಲ್ಲದಿದ್ದರೆ ಕಡಿಮೆ ಮಾಡಿ.